ಕೆಂಪು ಲೋಟದ ಊರಿಗೆ

ತೀರ್ಥಹಳ್ಳಿಯ ನಮ್ಮ ಅಜ್ಜಿ ಮನೆಯ ಗೋಡೆ ಬೀರುವಿನಲ್ಲಿ ಒಂದು ಕೆಂಪು ಗಾಜಿನ ಲೋಟ ಇತ್ತು. ಮೈತುಂಬ ಕಾಡು, ನಡುವೆ ಕತ್ತೆತ್ತಿ ನಿಂತ ಕೊಂಬಿನ ಜಿಂಕೆ. ಮುತ್ತಜ್ಜ ಬೊಂಬಾಯಿಯಿಂದ ತಂದಿದ್ದಂತೆ. ಅದರಲ್ಲಿ ಯಾರೂ ನೀರು ಕುಡಿದಿದ್ದು ನಾನು ನೋಡಿಲ್ಲ. ದೀಪಾವಳಿಗೊಮ್ಮೆ ಅಜ್ಜಿ ಅದನ್ನು ಇಳಿಸಿ, ತೊಳೆದು, ಹಳೆ ಪಂಚೆಯಲ್ಲಿ ಒರೆಸಿ ಮತ್ತೆ ಮೇಲಿಡುತ್ತಿದ್ದರು. ಅಜ್ಜಿ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಹಳೆ ಗಾಜು ಕೂಡಿಡುವ ಹುಚ್ಚು ನನಗೆ ಹಿಡಿದಿದ್ದು ಆ ಲೋಟದಿಂದಲೇ.

ಅದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದೆ. ಅಲ್ಲಿ ಕಾಣುವ ಗಾಜು ಕೆಂಪಲ್ಲ, ನೀರಿನ ಹಾಗೆ ತಿಳಿ. ಹಾಗಾದ್ರೆ ಈ ಕೆಂಪು ಎಲ್ಲಿ ಕೂತಿದೆ? ಅದನ್ನು ತಿಳಿಯೋಕೆ ಅಂತಲೇ ಕಳೆದ ಸೆಪ್ಟೆಂಬರ್‌ನಲ್ಲಿ ಜೆಕ್ ದೇಶದ ಉತ್ತರದ ಅಂಚಿಗೆ, ಬೊಹೀಮಿಯಾದ ಗಾಜಿನ ಊರುಗಳಿಗೆ ಹೋಗಿ ಬಂದೆ.

ತಮ್ಮ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದಾನೆ. ಬೆಳಿಗ್ಗೆ ಅವನ ಕಾರಿನಲ್ಲಿ ಹೊರಟೆವು. ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ. ದಾರಿಯ ಎರಡೂ ಕಡೆ ಕಾಡು. ಈ ಕಾಡೇ ಇಲ್ಲಿಯ ಗಾಜಿಗೆ ತಾಯಿಬೇರು. ಕುಲುಮೆಗೆ ಸೌದೆ ಇಲ್ಲಿಂದಲೇ. ಬೀಚ್ ಅನ್ನುವ ಕಾಡುಮರದ ಬೂದಿಯಿಂದ ಪೊಟ್ಯಾಷ್ ತೆಗೆದು ಮರಳಿಗೆ ಸೇರಿಸುತ್ತಿದ್ದರು. ಹಾಗೆ ಬಂದ ಗಾಜು ಗಟ್ಟಿ. ಸಾಣೆ ಚಕ್ರಕ್ಕೆ ಹಿಡಿದು ಚಿತ್ರ ಕೆತ್ತಬಹುದು. ರತ್ನದ ಕಲ್ಲು ಕೆತ್ತುವ ಆ ಕೆಲಸವನ್ನು ಗಾಜಿಗೆ ತಂದವನು ಪ್ರಾಗ್‌ನಲ್ಲಿ ಎರಡನೇ ರುಡಾಲ್ಫ್ ದೊರೆಯ ಆಸ್ಥಾನದಲ್ಲಿದ್ದ ಕಾಸ್ಪರ್ ಲೇಮನ್. 1609ರಲ್ಲಿ ದೊರೆ ಅವನಿಗೆ ಆ ಕೆಲಸದ ಹಕ್ಕನ್ನೇ ಬರೆದುಕೊಟ್ಟ.

ಮೊದಲ ಊರು ನೋವಿ ಬೋರ್. ಹಳೆ ಗಾಜು ಹುಡುಕುವವರು ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಇಲ್ಲಿ ಎಲ್ಲ ಊರಿಗೂ ಎರಡೆರಡು ಹೆಸರು, ಒಂದು ಜರ್ಮನ್, ಒಂದು ಜೆಕ್. ಹರಾಜಿನ ಪಟ್ಟಿಯಲ್ಲಿ ಹೈಡಾ ಅಂತಿದ್ದರೆ ಅದು ನೋವಿ ಬೋರ್. ಸ್ಟೈನ್‌ಶೋನೌ ಅಂದರೆ ಪಕ್ಕದ ಕಾಮೆನಿಟ್ಸ್ಕಿ ಶೆನೋವ್. ಗಾಬ್ಲೋನ್ಸ್ ಅಂದರೆ ಯಾಬ್ಲೊನೆಟ್ಸ್. ಇಲ್ಲಿ ಗಾಜು ಮಾಡುತ್ತಿದ್ದವರಲ್ಲಿ ಜರ್ಮನ್ ಮಾತಾಡುವವರೇ ಜಾಸ್ತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರನ್ನು ಊರು ಬಿಡಿಸಿದರು. ಗಾಬ್ಲೋನ್ಸಿನವರು ಬವೇರಿಯಾದಲ್ಲಿ ಒಂದು ಹೊಸ ಊರನ್ನೇ ಕಟ್ಟಿಕೊಂಡು ನೋಯ್‌ಗಾಬ್ಲೋನ್ಸ್ ಅಂತ ಹೆಸರಿಟ್ಟರು. ಬಿಟ್ಟುಹೋದ ಊರಿನ ಹೆಸರು ಜೊತೆಗೇ ಹೋಯಿತು. ಇದನ್ನು ಓದಿದಾಗಲೆಲ್ಲ ಮಲೆನಾಡಿನ ಮುಳುಗಡೆ ಊರುಗಳ ಜನ ನೆನಪಾಗುತ್ತಾರೆ.

ನೋವಿ ಬೋರ್‌ನ ಗಾಜಿನ ಮ್ಯೂಸಿಯಂನಲ್ಲಿ ನಾನು ನೋಡಬೇಕಿದ್ದುದು ಒಬ್ಬನ ಕೆಲಸ. ಫ್ರೀಡ್ರಿಷ್ ಎಗರ್ಮನ್. ಹುಟ್ಟಿದ್ದು 1777ರಲ್ಲಿ, ತೀರಿಕೊಂಡಿದ್ದು 1864ರಲ್ಲಿ. ಬದುಕಿನ ತುಂಬ ಬಣ್ಣದ ಹಿಂದೆ ಬಿದ್ದವನು. ಅವನ ಲಿಥ್ಯಾಲಿನ್ ಗಾಜನ್ನು ಗಾಜು ಅಂತ ನಂಬೋದೇ ಕಷ್ಟ. ಪದರ ಪದರವಾಗಿ ಬಣ್ಣ ಹರಿದ, ಹೊಳೆಯಲ್ಲಿ ಸಿಗುವ ಕಲ್ಲಿನ ಹಾಗೆ ಇದೆ. ಅದರ ಪಕ್ಕದಲ್ಲೇ ಇತ್ತು ನನ್ನ ಕೆಂಪು.

ಆಗ ಇಡೀ ಗಾಜನ್ನೇ ಕೆಂಪು ಮಾಡುವುದು ದುಬಾರಿ. ಅದಕ್ಕೆ ಚಿನ್ನ ಬೆರೆಸುವ ರೂಢಿ ಇತ್ತು. ಎಗರ್ಮನ್ ಬೇರೆ ದಾರಿ ಹಿಡಿದ. ತಿಳಿಗಾಜಿನ ಲೋಟದ ಮೈಗೆ ತಾಮ್ರ ಬೆರೆತ ಲೇಪ ಬಳಿದು ಸುಟ್ಟ. ಹೊಗೆ ತುಂಬಿದ ಒಲೆಯಲ್ಲಿಟ್ಟು ಮತ್ತೆ ಸುಟ್ಟ. ತಾಮ್ರ ಗಾಜಿನ ಮೇಲ್ಮೈಯೊಳಗೆ ಇಳಿದು ಮಾಣಿಕ್ಯದ ಕೆಂಪಾಯಿತು. ಕಾಗದಕ್ಕಿಂತ ತೆಳ್ಳಗಿನ ಕೆಂಪು. ಅದನ್ನು ಸಾಣೆ ಚಕ್ರ ಎಲ್ಲಿ ಸವರುತ್ತದೋ ಅಲ್ಲಿ ತಿಳಿಗಾಜು ಹೊರಗೆ ಬರುತ್ತದೆ. ಅಜ್ಜಿ ಲೋಟದ ಜಿಂಕೆ ಹುಟ್ಟಿದ್ದು ಹೀಗೆ. ಕೆಂಪನ್ನು ಕಳೆದಾಗ ಉಳಿದಿದ್ದೇ ಜಿಂಕೆ. ಆ ಷೋಕೇಸಿನ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ತಮ್ಮ ಹೊರಗೆ ಹೋಗಿ ಕಾಫಿ ಕುಡಿದು ವಾಪಸ್ ಬಂದಿದ್ದ.

ಕಾಮೆನಿಟ್ಸ್ಕಿ ಶೆನೋವ್ ಅಲ್ಲಿಂದ ಹತ್ತಿರ. 1856ರಲ್ಲಿ ಶುರುವಾದ ಗಾಜಿನ ಶಾಲೆ ಇರುವ ಊರು. ಊರಾಚೆ ಪಾನ್ಸ್ಕಾ ಸ್ಕಾಲಾ ಅಂತ ಒಂದು ಬಂಡೆ. ಕಲ್ಲಿನ ಕಂಬಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ ಹಾಗಿದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಥಟ್ಟನೆ ಗುರುತು ಸಿಗುತ್ತದೆ.

ದಾರಿಯಲ್ಲಿ ಸಿಕ್ಕ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಎರಡು ಕೆಂಪು ಲೋಟ ಇದ್ದವು.

"ಅಕ್ಕಾ, ಇದನ್ನೇ ತಗೋ, ಹೆಂಗೆ ಫಳಫಳ ಅಂತಿದೆ ನೋಡು" ಅಂದ ತಮ್ಮ.

"ಮೊದಲು ಅಡಿ ನೋಡೋ" ಅಂದೆ.

ಹಳೆ ಲೋಟದ ತಳದಲ್ಲಿ ಗೀರು ಇರಲೇಬೇಕು. ಅದೂ ಒಂದೇ ದಿಕ್ಕಿಗಲ್ಲ. ಎತ್ತಿ ಇಟ್ಟು, ಎತ್ತಿ ಇಟ್ಟು, ಎಲ್ಲ ಕಡೆಗೂ ಸಣ್ಣ ಸಣ್ಣದಾಗಿ ಆಗಿರಬೇಕು. ಫಳಫಳ ಅನ್ನುವುದರ ತಳ ನುಣ್ಣಗಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡು ಕೆಂಪು ಮುಗಿದು ತಿಳಿಗಾಜು ಶುರುವಾಗುವ ಕಡೆ ಉಗುರು ಎಳೆದೆ. ಅದರಲ್ಲಿ ಉಗುರು ಮೆಟ್ಟಿಲಿಗೆ ತಾಗಿದ ಹಾಗೆ ನಿಂತಿತು. ಅಂದರೆ ತಿಳಿಗಾಜಿನ ಮೇಲೆ ಕೆಂಪು ಗಾಜಿನ ದಪ್ಪ ಪದರವನ್ನೇ ಹೊದಿಸಿದ್ದಾರೆ. ಅದು ಬೇರೆ ಕಸುಬು, ಅದೂ ಚೆಂದವೇ. ಇನ್ನೊಂದರಲ್ಲಿ ಉಗುರಿಗೆ ಏನೂ ಸಿಗಲಿಲ್ಲ. ಎಗರ್ಮನ್ ದಾರಿಯ ಕೆಂಪು. ತಳದ ತುಂಬ ಗೀರು. ಕಾಡಿನ ನಡುವೆ ಓಡುವ ಜಿಂಕೆ. ಅದನ್ನೇ ತಗೊಂಡು ನನ್ನ ಕಾಟನ್ ಸೀರೆಯಲ್ಲಿ ಮೂರು ಸುತ್ತು ಸುತ್ತಿ ಮಡಿಲಲ್ಲಿಟ್ಟುಕೊಂಡೆ.

ಸಂಜೆಗೆ ಯಾಬ್ಲೊನೆಟ್ಸ್. ಮಣಿ, ಗುಂಡಿ, ಸರಗಳ ಊರು. ಮುತ್ತಜ್ಜನ ಕಾಲದಲ್ಲಿ ಇಲ್ಲಿಂದ ಇಂಡಿಯಾಕ್ಕೆ ಪೆಟ್ಟಿಗೆ ಪೆಟ್ಟಿಗೆ ಗಾಜಿನ ಬಳೆ ಬರುತ್ತಿತ್ತು. ಇದನ್ನು ನಾನು ಓದಿದ್ದೆ. ಆದರೆ ಓದುವುದು ಬೇರೆ, ಅಷ್ಟು ದೂರದ ಮ್ಯೂಸಿಯಂನಲ್ಲಿ ಬಳೆಗಳ ಮುಂದೆ ನಿಲ್ಲುವುದು ಬೇರೆ ಅಲ್ವಾ. ಹಸಿರು, ಕೆಂಪು, ಹೊಂಬಣ್ಣದ ಗೀಟು. ಜಗಲಿಯಲ್ಲಿ ಬಳೆಗಾರ ಮಲಾರ ಬಿಚ್ಚಿದ ಹಾಗೇ ಇತ್ತು. ಬೊಂಬಾಯಿ ಬಂದರಿನಲ್ಲಿ ಇಂಥ ಪೆಟ್ಟಿಗೆಗಳ ಜೊತೆಗೇ ನಮ್ಮ ಲೋಟವೂ ಇಳಿದಿರಬೇಕು ಅಂತ ಅಲ್ಲಿ ನಿಂತಾಗ ಅನ್ನಿಸಿತು.

"ಅಕ್ಕಾ, ಆ ಹಸಿರು ನೋಡು, ಅಜ್ಜಿ ಕೈಯಲ್ಲಿ ಇತ್ತಲ್ಲ, ಅದೇ" ಅಂದ ತಮ್ಮ.

ನಾನು ಕೈ ಎತ್ತಿ ಷೋಕೇಸಿನ ಗಾಜಿಗೆ ಒತ್ತಿ ಹಿಡಿದೆ. ನನ್ನ ಕೈಗೆ ಸರಿಯಾಗಿ ಕೂರುವ ಅಳತೆ.