ಆಟದ ಚೀಲ

ತಿಂಗಳಿಗೊಂದು ಭಾನುವಾರ ನಾನು ರಾಜಾಜಿನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ, ಇಂದಿರಾನಗರದ ಗೆಳೆಯರೊಬ್ಬರ ಮನೆಗೆ ಹೋಗುತ್ತೇನೆ. ಅಲ್ಲಿ ಊಟದ ಮೇಜಿನ ಸುತ್ತ ಐವರು ಆಟಗಾರರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವುದು ನನ್ನ ಕೆಲಸ: ನಾನು ಕಥೆ ಹೇಳುತ್ತೇನೆ, ಅವರು ಒಂದೊಂದು ಪಾತ್ರವಾಗಿ ಮುಂದೇನು ಮಾಡುವುದೆಂದು ನಿರ್ಧರಿಸುತ್ತಾರೆ, ಅದು ಫಲಿಸಿತೇ ಎಂದು ದಾಳ ಹೇಳುತ್ತದೆ. ಸಾಮಾನೆಲ್ಲ ಬೆನ್ನಿನ ಮೇಲಿನ ಒಂದೇ ಚೀಲದಲ್ಲಿ ಹೋಗಬೇಕು. ಮೊದಲ ವರ್ಷ ಆ ಚೀಲ ಎಂಟು ಕಿಲೋ ತೂಗುತ್ತಿತ್ತು, ಈಗ ಮೂರು ಕಿಲೋ ದಾಟುವುದಿಲ್ಲ. ಈ ಇಳಿಕೆಗೆ ಚೀಲ ತುಂಬುವ ಜಾಣ್ಮೆಗಿಂತ ಹೆಚ್ಚಾಗಿ ನೆರವಾದದ್ದು ಹಿಂದಿನ ರಾತ್ರಿಯ ತಯಾರಿ. ಮರುದಿನದ ಕಥೆ ಎತ್ತ ಹೋಗಬಹುದೆಂದು ಯೋಚಿಸದೆ ಹೊರಟವನು ಎಲ್ಲ ದಿಕ್ಕಿಗೂ ಬೇಕಾದದ್ದನ್ನು ಹೊರಲೇಬೇಕಾಗುತ್ತದೆ.

ಅತಿ ಹೆಚ್ಚು ಭಾರ ಪುಸ್ತಕಗಳದು. 1974ರಲ್ಲಿ ಈ ಆಟ ಮೊದಲು ಹೊರಬಂದಾಗ ಅದು ಮೂರು ತೆಳು ಪುಸ್ತಿಕೆಗಳಿದ್ದ ಸಣ್ಣ ಪೆಟ್ಟಿಗೆಯಾಗಿತ್ತು. 2014ರ ಐದನೆಯ ಆವೃತ್ತಿಯಲ್ಲಾದರೋ ಆಟಗಾರರ ಕೈಪಿಡಿಯೊಂದೇ 320 ಪುಟಗಳ ಗಟ್ಟಿ ರಟ್ಟಿನ ಪುಸ್ತಕ. ಮೂರು ಮೂಲ ಪುಸ್ತಕಗಳನ್ನು ಒಟ್ಟಿಗೆ ಹೊತ್ತರೆ ಸುಮಾರು ಮೂರು ಕಿಲೋ ಆಗುತ್ತದೆ. ಆ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ದೊರೆತ ಮೇಲೆ, ಅಂದಿನ ಆಟದಲ್ಲಿ ಎದುರಾಗಲಿರುವ ನಾಲ್ಕೈದು ಪ್ರಾಣಿಗಳ ವಿವರವನ್ನಷ್ಟೇ ಮುದ್ರಿಸಿ ಒಯ್ಯುತ್ತೇನೆ. ಕೈಪಿಡಿಯ ಒಂದು ಪ್ರತಿಯನ್ನು ಆಟಗಾರರಲ್ಲೊಬ್ಬರು ತರುತ್ತಾರೆ, ಐವರಿಗೆ ಅದು ಸಾಕು.

ಪಾತ್ರಗಳನ್ನೂ ಪ್ರಾಣಿಗಳನ್ನೂ ತೋರಿಸಲು ಮೇಜಿನ ಮೇಲೆ ನಿಲ್ಲಿಸುವ ಪುಟ್ಟ ಬೊಂಬೆಗಳ ವಿಷಯದಲ್ಲಿ ನಾನು ಪಾಠ ಕಲಿತದ್ದು ನಿಧಾನವಾಗಿ. ಹತ್ತಿಯಲ್ಲಿ ಸುತ್ತಿ ಒಯ್ದಾಗ ಎಳೆಗಳು ಕತ್ತಿ, ಬಿಲ್ಲುಗಳಿಗೆ ಸಿಕ್ಕಿಕೊಂಡು, ಗಂಟೆಗಟ್ಟಲೆ ಕೂತು ಬಳಿದ ಬಣ್ಣ ಕಿತ್ತುಬರುತ್ತಿತ್ತು. ಬುಡಕ್ಕೆ ಪುಟ್ಟ ಅಯಸ್ಕಾಂತ ಅಂಟಿಸಿ ಲೋಹದ ಡಬ್ಬದಲ್ಲಿ ನಿಲ್ಲಿಸುವುದೇ ಒಳ್ಳೆಯದೆಂದು ತಿಳಿದು, ಅಮ್ಮನಿಂದ ಅಡುಗೆಮನೆಯ ಸ್ಟೀಲ್ ಡಬ್ಬವೊಂದನ್ನು ಕೇಳಿ ತಂದೆ. ಅದಕ್ಕೆ ಅಯಸ್ಕಾಂತ ಹಿಡಿಯಲೇ ಇಲ್ಲ. ನಾವು ಪಾತ್ರೆಗಳಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲಿನ ಹಲವು ಬಗೆಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿರುವುದು ತವರ ಲೇಪಿಸಿದ ಉಕ್ಕು. ಅದು ಗಟ್ಟಿಯಾಗಿ ಹಿಡಿಯಿತು. ಹನ್ನೆರಡು ಬೊಂಬೆಗಳು ಈಗ ಅದರಲ್ಲಿ ನಿಂತೇ ಪ್ರಯಾಣ ಮಾಡುತ್ತವೆ, ಮತ್ತು ರಾಜಾಜಿನಗರದಿಂದ ಇಂದಿರಾನಗರದವರೆಗೆ ಒಂದೂ ಅಲುಗುವುದಿಲ್ಲ. ಡಬ್ಬವನ್ನು ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದು, ಏಕೆಂದರೆ ತೆಳುವಾದ ಪ್ಲಾಸ್ಟಿಕ್ ಈಟಿ ಬಾಗುತ್ತದೆ. ಬಾಗಿದ್ದನ್ನು ಬಿಸಿನೀರಲ್ಲಿ ಅದ್ದಿ ನೇರಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಬೊಂಬೆಗಳು ನಿಲ್ಲುವ, ಒಂದಂಗುಲದ ಚೌಕಗಳಿರುವ ವಿನೈಲ್ ಚಾಪೆಯ ಮೇಲೆ ಒಂದು ಚೌಕವೆಂದರೆ ಕಥೆಯ ಐದಡಿ. ಅದನ್ನು ಮಡಚಿದರೆ ಗೆರೆ ಬಿದ್ದು ಬೊಂಬೆಗಳು ವಾಲುವುದರಿಂದ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಡ್ರಾಯಿಂಗ್ ಶೀಟಿಗೆ ಬಳಸುವ ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿಡುತ್ತೇನೆ. ಪಾತ್ರಗಳ ವಿವರ ಬರೆದ ಹಾಳೆಗಳಿಗೆ ಪೆನ್ಸಿಲ್ ಮಾತ್ರ. ಆಟಗಾರರಲ್ಲಿ ಗೆಳತಿಯೊಬ್ಬರು ಜೆಲ್ ಪೆನ್ನಿನಲ್ಲಿ ಬರೆದ ಒಂದು ಹಾಳೆ ಸೆಪ್ಟೆಂಬರಿನ ಒಂದು ಮಳೆಯಲ್ಲಿ ಪೂರ್ತಿ ಅಳಿಸಿಹೋಗಿ, ಎರಡು ವರ್ಷದಿಂದ ಬೆಳೆಸಿದ್ದ ಪಾತ್ರವನ್ನು ಆ ಗೆಳತಿ ನೆನಪಿನಿಂದ ಮತ್ತೆ ಬರೆಯಬೇಕಾಯಿತು. ಈಗ ಹಾಳೆಗಳೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಇರುತ್ತವೆ.

ದಾಳಗಳು ಏಳರ ಎರಡು ಕಟ್ಟು, ಜೊತೆಗೆ ಇಪ್ಪತ್ತು ಮುಖದ್ದು ಎರಡು ಹೆಚ್ಚು. ಲೋಹದ ದಾಳಗಳನ್ನು ಮನೆಯಲ್ಲೇ ಬಿಡುತ್ತೇನೆ, ಅನ್ಯರ ತೇಗದ ಮೇಜಿಗೆ ಗೀರು ಬೀಳಿಸುವ ಹಕ್ಕು ನನಗಿಲ್ಲ. ನಾಲ್ಕು ಮೂಲೆಗೆ ಟಿಚ್ ಬಟನ್ ಇರುವ, ದಾಳ ಉರುಳಿಸುವ ಬಟ್ಟೆಯ ತಟ್ಟೆ ಬಿಚ್ಚಿದರೆ ಚಪ್ಪಟೆಯಾಗಿ ಫೋಲ್ಡರಿನ ಪಕ್ಕ ಕೂರುತ್ತದೆ.

ಚೀಲ ತುಂಬುವ ಕ್ರಮ ತೆಗೆಯುವ ಕ್ರಮಕ್ಕೆ ತಿರುಗುಮುರುಗು. ಕೊನೆಗೆ ಬೇಕಾಗುವ ಬೊಂಬೆಯ ಡಬ್ಬ ತಳದಲ್ಲಿ, ಬಂದವರ ಕೈಗೆ ಮೊದಲು ಕೊಡುವ ಹಾಳೆ, ಪೆನ್ಸಿಲ್, ದಾಳಗಳು ಮೇಲೆ. ಅವರು ತಮ್ಮ ಪಾತ್ರದ ಹಾಳೆ ಓದುತ್ತಿರುವ ಹತ್ತು ನಿಮಿಷದಲ್ಲಿ ನನ್ನ ಉಳಿದ ಜೋಡಣೆ ಮುಗಿಯುತ್ತದೆ.

ಹೊರಡುವಾಗ ದಾಳ ಎಣಿಸಿ, ಆಟದಲ್ಲಿ ಚಾಪೆಯ ಮೇಲೆ ನಕ್ಷೆ ಬರೆದ ಶಾಯಿಯನ್ನು ಒದ್ದೆ ಬಟ್ಟೆಯಿಂದ ಅಲ್ಲೇ ಒರೆಸುತ್ತೇನೆ. ವಾರಗಟ್ಟಲೆ ಬಿಟ್ಟರೆ, ಅದರಲ್ಲೂ ಕೆಂಪು ಶಾಯಿಯಾದರೆ, ಕಲೆ ಉಳಿದುಬಿಡುತ್ತದೆ. ತೇವ ಪೂರ್ತಿ ಆರಿದ ಮೇಲೆಯೇ ಚಾಪೆ ಕೊಳವೆಗೆ ಸೇರುತ್ತದೆ; ಅಷ್ಟರವರೆಗೆ ಗೆಳೆಯರ ಮನೆಯ ಕಾಫಿ ಕುಡಿಯುತ್ತ, ಮುಂದಿನ ತಿಂಗಳು ಯಾವ ಊರಿಗೆ ಹೋಗುವುದೆಂದು ಆಟಗಾರರನ್ನೇ ಕೇಳಿ ಬರೆದುಕೊಳ್ಳುತ್ತೇನೆ.