20 ಕೋಟಿಯ ವ್ಯಾಲ್ಯುಯೇಶನ್ ಮತ್ತು ನಾಲ್ಕನೇ ಪುಟದ ಷರತ್ತು

ತೊಗರಿಯ ಹಂಗಾಮು ಶುರುವಾಗುವ ಮೊದಲೇ ಹೂಡಿಕೆಯ ಮಾತುಕತೆ ಮುಗಿಯಬೇಕೆಂದು ನಾನು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೆ. ಅದು ಮುಗಿಯಲಿಲ್ಲ, ಅದಕ್ಕೆ ತೆತ್ತ ಬೆಲೆ ಇಂದಿಗೂ ಯಾರಿಗೆ ಎಷ್ಟು ಪಾಲು ಎಂದು ತೋರಿಸುವ ನಮ್ಮ ಕ್ಯಾಪ್ ಟೇಬಲ್‌ನಲ್ಲಿದೆ.

ಕಲಬುರಗಿಯ ನಮ್ಮ ಕಂಪನಿ ದಾಲ್ ಮಿಲ್ಲುಗಳಿಗೆ ತೇವಾಂಶ ನಿಯಂತ್ರಣದ ಯಂತ್ರ ತಯಾರಿಸುತ್ತದೆ, ಸ್ವಂತ ಮಿಲ್ಲಿನಲ್ಲಿ ಬೇಳೆಯನ್ನೂ ಮಾಡುತ್ತದೆ. ಹಣಕಾಸಿನ ಹೊಣೆ ನನ್ನದು. ಇಲ್ಲಿನ ಮಿಲ್ಲುಗಳಲ್ಲಿ ಎಣ್ಣೆ ಸವರಿ, ನೀರುಣಿಸಿ, ಬಿಸಿಲಿಗೆ ಹರವಿದ ತೊಗರಿ ಹದವಾಗಿದೆಯೇ ಎಂದು ಮಿಸ್ತ್ರಿ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಹೇಳುತ್ತಾನೆ. ಆ ಅಂದಾಜು ತಪ್ಪಿದರೆ ನುಚ್ಚು ಹೆಚ್ಚಾಗುತ್ತದೆ. ನಮ್ಮ ಹುಡುಗರು ಆ ಕಚ್ಚುವಿಕೆಯ ಜಾಗದಲ್ಲಿ ಸೆನ್ಸರ್ ತಂದಿದ್ದರು. ಹೂಡಿಕೆ ಬೇಕಾಗಿದ್ದದ್ದು ಅದಕ್ಕೆ.

ನಮ್ಮೆದುರು ಎರಡು ಪ್ರಸ್ತಾವಗಳಿದ್ದವು, ಎರಡರಲ್ಲೂ ಮೊತ್ತ 4 ಕೋಟಿ. ಮೊದಲನೆಯದು 14 ಕೋಟಿ ಪ್ರೀ-ಮನಿ (ಹೂಡಿಕೆಗೆ ಮುಂಚಿನ ಕಂಪನಿಯ ಬೆಲೆ), ಒಂದು ಪಟ್ಟು ನಾನ್-ಪಾರ್ಟಿಸಿಪೇಟಿಂಗ್ ಪ್ರಿಫರೆನ್ಸ್ (ಕಂಪನಿ ಮಾರಾಟವಾದರೆ ಹೂಡಿಕೆದಾರರು ಹಾಕಿದಷ್ಟು ಹಣವನ್ನು ಮೊದಲು ಪಡೆಯಬಹುದು, ಇಲ್ಲವೇ ತಮ್ಮ ಪಾಲನ್ನು; ಎರಡನ್ನೂ ಅಲ್ಲ). ಹೂಡಿಕೆದಾರರ ಪಾಲು ಶೇ. 22ಕ್ಕಿಂತ ಸ್ವಲ್ಪ ಹೆಚ್ಚು. ಎರಡನೆಯದರ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 20 ಕೋಟಿ ಎಂದಿತ್ತು. ಆ 20 ಪೋಸ್ಟ್-ಮನಿ (ಹೂಡಿಕೆಯ ಹಣವೂ ಸೇರಿದ ಬೆಲೆ) ಎಂಬುದು, ನೌಕರರಿಗೆ ಮೀಸಲಿಡುವ ಷೇರುಗಳ ಶೇ. 10ರ ಇಸಾಪ್ ಪೂಲ್ ಪೂರ್ತಿ ಸಂಸ್ಥಾಪಕರ ಪಾಲಿನಿಂದಲೇ ಹೋಗಬೇಕೆಂಬುದು, ಪ್ರಿಫರೆನ್ಸ್ ಎರಡು ಪಟ್ಟು ಮತ್ತು ಪಾರ್ಟಿಸಿಪೇಟಿಂಗ್ (ಹಾಕಿದ್ದರ ಎರಡು ಪಟ್ಟು ಮೊದಲು, ಆಮೇಲೆ ಉಳಿದದ್ದರಲ್ಲೂ ಪಾಲು) ಎಂಬುದು ನಾಲ್ಕನೇ ಪುಟದಲ್ಲಿದ್ದವು. ಎಂಡಿಯವರು ಮೊದಲ ಪುಟವನ್ನೇ ಓದುತ್ತಿದ್ದರು. ನ್ಯಾಯಯುತ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಷೇರು ಕೊಟ್ಟರೆ ಆ ಹೆಚ್ಚುವರಿ ಮೊತ್ತದ ಮೇಲೆ ಬೀಳುತ್ತಿದ್ದ, 2012ರಲ್ಲಿ ಬಂದ ಏಂಜೆಲ್ ಟ್ಯಾಕ್ಸ್ 2024ರ ಬಜೆಟ್‌ನಲ್ಲಿ ರದ್ದಾದ ಮೇಲೆ ದೊಡ್ಡ ವ್ಯಾಲ್ಯುಯೇಶನ್‌ಗೆ ಅಂಜುವ ಕಾರಣವೇ ಇಲ್ಲ ಎಂಬುದು ಅವರ ವಾದವಾಗಿತ್ತು. ಕಲಬುರಗಿ ತೊಗರಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯನ್ನೂ ಅವರು ಹೂಡಿಕೆದಾರರಿಗಾಗಿ ಮಾಡಿದ ಪಿಚ್ ಡೆಕ್‌ನಲ್ಲಿ ನಮ್ಮ ಆಸ್ತಿಯಂತೆ ತೋರಿಸಿದ್ದರು. ಜಿಐ ಒಂದು ಪ್ರದೇಶದ ಬೆಳೆಗಾರರೆಲ್ಲರ ಹಕ್ಕು. ಒಂದು ಕಂಪನಿಯ ಬೆಲೆಯೊಳಗೆ ಅದನ್ನು ಸೇರಿಸುವುದು ಸರಿಯಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಸಹಿಯ ದಿನ ಸಂಜೆ ಐದಕ್ಕೆ ಪ್ರಸ್ತಾವದ ಗಡುವು. ಎರಡನೇ ಪ್ರಸ್ತಾವ ಕೊಟ್ಟ ಬೆಂಗಳೂರಿನವರು ವಿಡಿಯೋ ಕರೆಯಲ್ಲಿ ಕಾಯುತ್ತಿದ್ದರು; ಅವರನ್ನು ಮ್ಯೂಟ್ ಮಾಡಿಸಿ, ನಾನು ಒಂದೇ ಹಾಳೆಯ ವಾಟರ್‌ಫಾಲ್ ಲೆಕ್ಕವನ್ನು ಮೇಜಿನ ಮೇಲಿಟ್ಟೆ. ಕಂಪನಿ ಮುಂದೆ 12 ಕೋಟಿಗೆ ಮಾರಾಟವಾದರೆ ಹೂಡಿಕೆದಾರರು ಮೊದಲು 8 ಕೋಟಿ ಎತ್ತಿಕೊಂಡು, ಉಳಿದ 4 ಕೋಟಿಯಲ್ಲೂ ಶೇ. 20 ಪಡೆಯುತ್ತಾರೆ, ಪೂಲ್‌ನ ಪಾಲು ಕಳೆದು ಸಂಸ್ಥಾಪಕರಿಗೆ ದಕ್ಕುವುದು 2.8 ಕೋಟಿ. ಇದೇ ಪಾಲುಗಳಿದ್ದು ಷರತ್ತು ಒಂದು ಪಟ್ಟಿನ ನಾನ್-ಪಾರ್ಟಿಸಿಪೇಟಿಂಗ್ ಆಗಿದ್ದರೆ 7 ಕೋಟಿ ದಕ್ಕುತ್ತಿತ್ತು. ಎಂಡಿ ಹಾಳೆಯನ್ನು ಎರಡು ಸಲ ಓದಿದರು. ಯಾರೂ ಮಾತಾಡಲಿಲ್ಲ. ಅವರು ಒಪ್ಪಿದರೆಂದೇ ನನಗೆ ಅನ್ನಿಸಿತು. ಆಮೇಲೆ ಹಾಳೆಯನ್ನು ಮಡಚಿ, "ನಾವೇನ್ ಕಂಪನಿ ಮಾರಲಾಕ ಹೊಂಟೀವೇನು?" ಎಂದು ಕೇಳಿ ಸಹಿ ಹಾಕಿದರು.

ಅವರು ಸಹಿ ಹಾಕಿದ ಟರ್ಮ್ ಶೀಟ್ (ಹೂಡಿಕೆಯ ಷರತ್ತುಗಳ ಮೊದಲ ಕರಡು) ಕಾನೂನಿನಲ್ಲಿ ಬೈಂಡಿಂಗ್ ಅಲ್ಲ ಎಂಬ ಸಮಾಧಾನ ಎಲ್ಲರಿಗೂ ಇತ್ತು. ಆದರೆ ಅದರಲ್ಲಿ ಬೈಂಡಿಂಗ್ ಆಗಿದ್ದ ಒಂದು ಷರತ್ತೇ ನಮ್ಮ ಕೈ ಕಟ್ಟಿತು: 45 ದಿನಗಳ ಎಕ್ಸ್‌ಕ್ಲೂಸಿವಿಟಿ, ಅಂದರೆ ಅಲ್ಲಿಯವರೆಗೆ ಬೇರೆ ಹೂಡಿಕೆದಾರರ ಜೊತೆ ಮಾತುಕತೆ ನಡೆಸುವಂತಿಲ್ಲ. ಹೂಡಿಕೆದಾರರು ನಮ್ಮ ಲೆಕ್ಕಪತ್ರ ಪರಿಶೀಲಿಸುವ ಡ್ಯೂ ಡಿಲಿಜೆನ್ಸ್ ಎಳೆದಾಡುತ್ತಾ ಜನವರಿಗೆ ಬಂತು. ಎಪಿಎಂಸಿಗೆ ತೊಗರಿಯ ಆವಕ ಏರಿತ್ತು, ಅಡತಿಯವರಿಗೆ ಹಣ ತಕ್ಷಣ ಬೇಕು, ಬ್ಯಾಂಕ್ ಸಾಲದ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ಪೂರ್ತಿ ಬಳಕೆಯಾಗಿತ್ತು, 14 ಕೋಟಿಯ ಪ್ರಸ್ತಾವ ಕೊಟ್ಟವರು ಬೇರೆಡೆ ಹೂಡಿಕೆ ಮುಗಿಸಿದ್ದರು. ನಮ್ಮ ಕೈ ಖಾಲಿ ಎಂಬುದು ಬೆಂಗಳೂರಿನವರಿಗೆ ಪರಿಶೀಲನೆಗೆಂದು ದಾಖಲೆಗಳನ್ನು ಇಟ್ಟಿದ್ದ ನಮ್ಮದೇ ಡೇಟಾ ರೂಮಿನಿಂದ ತಿಳಿದಿತ್ತು. ಅವರು 20ನ್ನು 16ಕ್ಕೆ ಇಳಿಸಿದರು. ಪೋಸ್ಟ್-ಮನಿ, ಅದೇ 4 ಕೋಟಿ, ಉಳಿದ ಷರತ್ತುಗಳು ಹಾಗೆಯೇ. ಪಾಲು ಶೇ. 25 ಆಯಿತು.

ಅಂತಿಮ ಷೇರುದಾರರ ಒಪ್ಪಂದವಾದ ಎಸ್‌ಎಚ್‌ಎಗೆ ಸಹಿಯಾಗಿ ಹಣ ಬಂದಾಗ ಅದರ ಹೆಚ್ಚಿನ ಭಾಗ ತೊಗರಿ ದಾಸ್ತಾನಿಗೇ ಹೋಯಿತು. ಬ್ಯಾಂಕ್ ಸಾಲದಿಂದ ಕೊಳ್ಳಬೇಕಾದ ಕಾಳನ್ನು ಈಕ್ವಿಟಿಯಿಂದ ಕೊಂಡಂತಾಯಿತು. ಇದಕ್ಕಿಂತ ದುಬಾರಿ ವರ್ಕಿಂಗ್ ಕ್ಯಾಪಿಟಲ್ ನನಗೆ ಗೊತ್ತಿಲ್ಲ. ಸೆನ್ಸರ್‌ನ ಪ್ರಾಯೋಗಿಕ ಅಳವಡಿಕೆ ಹೂಡಿಕೆದಾರರ ಒಪ್ಪಿಗೆ ಬೇಕಾದ ರಿಸರ್ವ್ಡ್ ಮ್ಯಾಟರ್ಸ್ ಪಟ್ಟಿಗೆ ಸೇರಿ, ಒಪ್ಪಿಗೆ ಬರುವಷ್ಟರಲ್ಲಿ ಮಿಲ್ಲುಗಳ ಹಂಗಾಮು ಮುಗಿದಿತ್ತು. ತೊಗರಿ ವರ್ಷಕ್ಕೊಂದೇ ಬೆಳೆಯಾದ್ದರಿಂದ ಒಂದು ಇಡೀ ವರ್ಷ ಹೋಯಿತು. ಆ ಯಂತ್ರದ ಮೇಲೆ ರಾತ್ರಿಗಳನ್ನು ಕಳೆದಿದ್ದ ಎಂಜಿನಿಯರ್ ಪುಣೆಗೆ ಹೋದ. ಅವನನ್ನು ತಡೆಯಲು ನನ್ನ ಬಳಿ ಪ್ರಾಮಾಣಿಕ ಕಾರಣ ಒಂದೂ ಇರಲಿಲ್ಲ.

ಮುಂದಿನ ಸುತ್ತಿನ ಮಾತುಕತೆ ಜೂನ್‌ನಲ್ಲಿ, ಬಿತ್ತನೆಯ ಹೊತ್ತಿಗೇ ಶುರುವಾಗಬೇಕು, ಎಕ್ಸ್‌ಕ್ಲೂಸಿವಿಟಿ 30 ದಿನ ಮೀರಬಾರದು, ಸಿಸಿ ಲಿಮಿಟ್ ಏರಿಕೆ ಮಂಜೂರಾಗದೆ ಯಾವ ಟರ್ಮ್ ಶೀಟಿಗೂ ಸಹಿ ಬೀಳಬಾರದು ಎಂದು ಬರೆದು ಮಂಡಳಿಗೆ ಕೊಟ್ಟಿದ್ದೇನೆ. ಮೊದಲೆರಡಕ್ಕೆ ಒಪ್ಪಿಗೆ ಸಿಕ್ಕಿದೆ. ಮೂರನೆಯದಕ್ಕಾಗಿ ಇನ್ನೂ ವಾದಿಸುತ್ತಿದ್ದೇನೆ.