ನನಗೆ ಪಾಠ ಹೇಳದ ಮೇಷ್ಟ್ರು

‘ಮರೆಯಲಾಗದ ಗುರುಗಳ ಬಗ್ಗೆ ಬರೆದುಕೊಡಿ’ ಎಂದು ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ನಮ್ಮ ಕಾಲೇಜಿನ ಗುರುಗಳ ಬಗ್ಗೆ ಬರೆಯಲು ಬೇಕಾದಷ್ಟು ಜನರಿದ್ದಾರೆ, ನನಗಿಂತ ಚೆನ್ನಾಗಿಯೇ ಬರೆಯುತ್ತಾರೆ. ನಾನು ಹೇಳಹೊರಟಿರುವುದು ನನಗೆ ಎಂದೂ ಪಾಠ ಹೇಳದ, ನಾನು ಕಣ್ಣಾರೆ ಕಾಣದ ಒಬ್ಬ ಕವಿಯ ವಿಷಯ. ಹೆಸರು ಎಸೆಕ್ಸ್ ಹೆಂಪ್‌ಹಿಲ್. ಅಮೆರಿಕದ ಕಪ್ಪು ಜನಾಂಗದವರು, ಸಲಿಂಗಪ್ರೇಮಿ. 1995ರ ನವೆಂಬರ್ 4ರಂದು ಫಿಲಡೆಲ್ಫಿಯಾದಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಆಗ ವಯಸ್ಸು 38.

ನನ್ನ ಜೊತೆ ಓದಿದವರಿಗೆ ನಮ್ಮ ಡಿಸೆಂಬರ್ 1ರ, ವಿಶ್ವ ಏಡ್ಸ್ ದಿನದ, ಸಡಗರ ನೆನಪಿರಬೇಕು. ಎನ್ನೆಸ್ಸೆಸ್ ಘಟಕದ ಜಾಥಾ, ಭಾಷಣ ಸ್ಪರ್ಧೆ, ಡ್ರಾಯಿಂಗ್ ಶೀಟಿನ ಮೇಲೆ ತಲೆಬುರುಡೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಮಾರಕ ರೋಗ’. ಅಲ್ಲಿ ರೋಗ ಇರುತ್ತಿತ್ತು, ರೋಗಿ ಇರುತ್ತಿರಲಿಲ್ಲ. ಹೆದ್ದಾರಿ ಬದಿಯ ಊರು ನಮ್ಮದು. ಲಾರಿ ಮೇಲೆ ಹೋಗುವವರ ಮನೆಗಳಲ್ಲಿ ಮೊದಲು ಗಂಡ, ಎರಡು ವರ್ಷಕ್ಕೆ ಹೆಂಡತಿ ಸಾಯುತ್ತಿದ್ದುದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ‘ಕಾಮಾಲೆ ಆಗಿತ್ತಂತೆ’, ‘ಟಿ.ಬಿ. ಅಂತೆ’ ಎನ್ನುವಲ್ಲಿಗೆ ಮಾತು ನಿಲ್ಲುತ್ತಿತ್ತು. ಪತ್ರಿಕೆಯಲ್ಲಿ ಹಾಕಿಸುವಷ್ಟು ಅನುಕೂಲಸ್ಥರಾದರೆ ‘ಅಲ್ಪಕಾಲದ ಅನಾರೋಗ್ಯದಿಂದ’ ಎಂದು ಬರುತ್ತಿತ್ತು.

2001ರಲ್ಲಿ ನಾನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ಹೆಂಪ್‌ಹಿಲ್ ಕೂಡ 1975ರಲ್ಲಿ ಅಲ್ಲಿಯೇ, ಅದೇ ಪತ್ರಿಕೋದ್ಯಮಕ್ಕೆ ಸೇರಿ, ಒಂದು ವರ್ಷಕ್ಕೇ ಬಿಟ್ಟುಹೋದವರು. ಅವರು ಬೆಳೆದದ್ದು ವಾಷಿಂಗ್ಟನ್ನಿನ ಆಗ್ನೇಯ ಭಾಗದಲ್ಲಿ. ಶ್ವೇತಭವನ ನೋಡಲು ಬಂದ ನಮ್ಮವರು ಆ ಕಡೆ ಹೋಗುವುದಿಲ್ಲ, ‘ಹೋಗಬೇಡಿ’ ಎಂದು ಹೇಳಿಯೇ ಕಳಿಸುತ್ತಾರೆ. ನಮ್ಮ ಕ್ಯಾಂಪಸ್ಸಿನ ಹತ್ತಿರ ಹತ್ತಿದ ಮೆಟ್ರೊ ಹಸಿರು ಮಾರ್ಗದಲ್ಲಿ ನೇರ ಅವರು ಓದಿದ ಬಲ್ಲೂ ಹೈಸ್ಕೂಲಿನ ಕಡೆಗೇ ಹೋಗುತ್ತಿತ್ತು. ಇದನ್ನು ಹೇಳಿದ ಪ್ರೊಫೆಸರಮ್ಮ ಅವರ ಒಂದು ಪದ್ಯದ ಜೆರಾಕ್ಸ್ ಹಂಚಿದರು. ಅದರಲ್ಲಿ ಕವಿ ತನ್ನ ರಕ್ತದಲ್ಲಿ ಇಲ್ಲವಾದ, ರೋಗದ ವಿರುದ್ಧ ಹೋರಾಡುವ ಟಿ-ಜೀವಕೋಶಗಳ ಲೆಕ್ಕ ಹೇಳುತ್ತಾನೆ. ಅಳುವುದಿಲ್ಲ, ಉಪದೇಶ ಮಾಡುವುದಿಲ್ಲ. ‘ನಾನು’ ಎಂದೇ ಮಾತಾಡುತ್ತಾನೆ. ಏಡ್ಸ್ ಬಗ್ಗೆ ಅಷ್ಟೊಂದು ಭಾಷಣ ಕೇಳಿದ್ದ ನನಗೆ, ಅದು ಬಂದವರೊಬ್ಬರ ಮಾತು ಕಿವಿಗೆ ಬಿದ್ದದ್ದು ಅದೇ ಮೊದಲು.

ಆಮೇಲೆ ಅವರ ದನಿಯನ್ನೂ ಕೇಳಿದೆ. ಮಾರ್ಲನ್ ರಿಗ್ಸ್ 1989ರಲ್ಲಿ ಮಾಡಿದ ‘ಟಂಗ್ಸ್ ಅನ್‌ಟೈಡ್’ ಚಿತ್ರದ ಕ್ಯಾಸೆಟ್ಟನ್ನು ತರಗತಿಯಲ್ಲಿ ಹಾಕಿದ್ದರು. ಕೊಳದ ತಳದಿಂದ ಬಂದಂಥ ಮಂದ್ರ ದನಿ. ಅವರಿಗೆ ಪದ್ಯ ಓದುವುದೆಂದರೆ ಹಾಳೆ ಹಿಡಿದು ನಿಲ್ಲುವುದಲ್ಲ. ಗೆಳೆಯರಾದ ವೇಸನ್ ಜೋನ್ಸ್, ಲ್ಯಾರಿ ಡಕೆಟ್ ಜೊತೆ ಸೇರಿ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರ ಸಾಲು ಬೀಳುವ ಹಾಗೆ ಓದುತ್ತಿದ್ದರು. ವಾಷಿಂಗ್ಟನ್ನಿನ ಓಣಿಯೊಂದರಲ್ಲಿ ಹಿಂದೆ ಕುದುರೆಗಾಡಿ ನಿಲ್ಲಿಸುತ್ತಿದ್ದ ಕಟ್ಟಡ ಎನಿಕ್ಯಾಲಿ ಕಾಫಿಹೌಸ್ ಆಗಿತ್ತು. ಇವರ ಓದಿಗೆ ಜನ ಅಲ್ಲಿಯೂ ಸೇರುತ್ತಿದ್ದರು. ಮೊದಲ ಕಿರುಸಂಕಲನಗಳನ್ನು ತಾವೇ ಅಚ್ಚು ಹಾಕಿಸಿಕೊಂಡರು. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದು ಹಂಚುವ ಕಷ್ಟ ನಮ್ಮ ಜಿಲ್ಲೆಯ ಕವಿಗಳಿಗೆ ನಾನು ಹೇಳಬೇಕಾಗಿಲ್ಲ.

ಅವರ ಬಗ್ಗೆ ನನಗೆ ಹೆಚ್ಚು ಗೌರವ ಬಂದದ್ದು ಮಾತ್ರ ಪದ್ಯದಿಂದಲ್ಲ, ಗೆಳೆಯನೊಬ್ಬನ ಕೆಲಸವನ್ನು ಅವರು ಮುಗಿಸಿಕೊಟ್ಟ ರೀತಿಯಿಂದ. ಜೋಸೆಫ್ ಬೀಮ್ ಎಂಬವರು 1986ರಲ್ಲಿ ಕಪ್ಪು ಗೇ ಬರಹಗಾರರದೇ ಒಂದು ಸಂಕಲನ ತಂದಿದ್ದರು. ಆ ಬಗೆಯ ಪುಸ್ತಕ ಅಲ್ಲಿಯವರೆಗೆ ಬಂದಿರಲಿಲ್ಲ. ಎರಡನೆಯದನ್ನು ಸಿದ್ಧಪಡಿಸುತ್ತಿರುವಾಗಲೇ, 1988ರ ಡಿಸೆಂಬರಿನಲ್ಲಿ, 34 ತುಂಬಲು ಇನ್ನೇನು ಮೂರು ದಿನ ಇದೆ ಎನ್ನುವಾಗ ಏಡ್ಸ್‌ನಿಂದ ತೀರಿಕೊಂಡರು. ಹೆಂಪ್‌ಹಿಲ್ ವಾಷಿಂಗ್ಟನ್ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದರು. ಬೀಮ್ ಅವರ ಅಪ್ಪ-ಅಮ್ಮನ ಮನೆಯಲ್ಲೇ ಉಳಿದು, ತಾಯಿ ಡೊರೊಥಿ ಬೀಮ್ ಜೊತೆ ಕೂತು, ಮಗ ಅರ್ಧಕ್ಕೆ ಬಿಟ್ಟ ಕಾಗದಪತ್ರಗಳನ್ನು ಹೊಂದಿಸಿ ಪುಸ್ತಕ ಮಾಡಿದರು. ಅದು 1991ರಲ್ಲಿ ಹೊರಬಂತು. ಸತ್ತ ಮಗನ ಗೆಳೆಯನಿಗೆ ಅನ್ನ ಹಾಕುತ್ತ, ಮಗನ ಬದುಕಿನ ಬಗ್ಗೆ ಊರಿಗೆ ಊರೇ ಆಡದ ಮಾತನ್ನು ಅಚ್ಚಿಗೆ ಕಳಿಸಿದ ಆ ತಾಯಿ ನನಗೆ ಕವಿಯಷ್ಟೇ ದೊಡ್ಡವರು.

ಎಲ್ಲ ಮನೆಗಳೂ ಹಾಗಿರಲಿಲ್ಲ. 1992ರಲ್ಲಿ ಅದೇ ಬಳಗದ ಕವಿ ಡೊನಾಲ್ಡ್ ವುಡ್ಸ್ ಸತ್ತಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹೃದಯ ಸ್ತಂಭನ ಎಂದು ಬಂತು. ಅಂತ್ಯಕ್ರಿಯೆಯಲ್ಲಿಯೂ ಅದೇ ಮೌನ. ಆಗ ಇನ್ನೊಬ್ಬ ಕವಿ ಅಸೊಟ್ಟೊ ಸೇಂಟ್ ಎದ್ದುನಿಂತು, ಇವನು ಸಲಿಂಗಪ್ರೇಮಿಯಾಗಿದ್ದ, ಏಡ್ಸ್‌ನಿಂದ ಸತ್ತ ಎಂದು ಎಲ್ಲರೆದುರು ಹೇಳಿಬಿಟ್ಟರು. ಹೆತ್ತವರ ಸಂಕಟದ ಹೊತ್ತಿನಲ್ಲಿ ಹಾಗೆ ಮಾಡಬಹುದೇ ಎಂದು ನಮ್ಮ ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು. ನಾನು ಬಾಯಿ ತೆರೆಯಲಿಲ್ಲ. ನನ್ನ ತಲೆಯಲ್ಲಿ ‘ಅಲ್ಪಕಾಲದ ಅನಾರೋಗ್ಯ’ ಓಡುತ್ತಿತ್ತು. ಸೇಂಟ್ ಮಾಡಿದ್ದು ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ. ಅವರೂ 1994ರಲ್ಲಿ ಹೋದರು. ರಿಗ್ಸ್ ಹೋದದ್ದೂ ಆ ವರ್ಷವೇ, 37ರಲ್ಲಿ.

ಹೆಂಪ್‌ಹಿಲ್ ಇನ್ನೊಂದು ವರ್ಷ ಎಳೆದರು. ಅವರು ತೀರಿಕೊಂಡ ಮರುತಿಂಗಳು, ಡಿಸೆಂಬರ್ 6ರಂದು, ಸಕ್ವಿನಾವಿರ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಏಡ್ಸ್ ತರುವ ಎಚ್‌ಐವಿ ವೈರಸ್ಸಿನ ಪ್ರೋಟಿಯೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುವ ಔಷಧಗಳಲ್ಲಿ ಅದೇ ಮೊದಲನೆಯದು. 1996ರಿಂದ ಮೂರು ಔಷಧ ಒಟ್ಟಿಗೆ ಕೊಡುವ ಪದ್ಧತಿ ಬಂದು, ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋಗತೊಡಗಿದರು. ನಾನು ಆ ತರಗತಿಯಲ್ಲಿದ್ದ 2001ರ ಫೆಬ್ರುವರಿಯಲ್ಲೇ ನಮ್ಮ ಮುಂಬೈನ ಸಿಪ್ಲಾ ಕಂಪನಿ ಮೂರು ಔಷಧಗಳನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಕೊಡುತ್ತೇನೆಂದು ಪ್ರಕಟಿಸಿ, ಅಮೆರಿಕದ ಪತ್ರಿಕೆಗಳ ತುಂಬ ಅದೇ ಸುದ್ದಿಯಾಯಿತು. ಹೆಮ್ಮೆಪಟ್ಟೆ. ಆದರೆ ಮಾತ್ರೆ ತಯಾರಿಸುವ ದೇಶದಲ್ಲೇ ಸರ್ಕಾರದ ಉಚಿತ ಎ.ಆರ್.ಟಿ., ಅಂದರೆ ಈ ಔಷಧಗಳ ಚಿಕಿತ್ಸೆ, ಶುರುವಾಗಲು 2004ರ ಏಪ್ರಿಲ್ ತನಕ ಕಾಯಬೇಕಾಯಿತು. ನಮ್ಮೂರಿನ ‘ಕಾಮಾಲೆ’ಯವರಲ್ಲಿ ಎಷ್ಟೋ ಮಂದಿ ಅಷ್ಟರೊಳಗೆ ಹೋಗಿಬಿಟ್ಟಿದ್ದರು.

ಹೆಂಪ್‌ಹಿಲ್ ಅವರ ಪುಸ್ತಕಗಳು ಬಹುಕಾಲ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಹುಡುಗರು ಜೆರಾಕ್ಸ್‌ನಲ್ಲೇ ಓದುತ್ತಿದ್ದರು. 2025ರಲ್ಲಿ ಆಯ್ದ ಕವಿತೆಗಳ ಹೊಸ ಸಂಪುಟವೊಂದು ಬಂದಿದೆ. ಈ ಲೇಖನದ ಜೊತೆಗೆ ಕಾಲೇಜಿನ ಲೈಬ್ರರಿಗೆ ಅದರ ಒಂದು ಪ್ರತಿ ಕಳಿಸುತ್ತಿದ್ದೇನೆ. ಕೆಲವು ಪದ್ಯ ಓದಿ ಯಾರಾದರೂ ಹುಬ್ಬುಗಂಟಿಕ್ಕಬಹುದು, ದೇಹದ ಮಾತು ಅವುಗಳಲ್ಲಿ ನೇರವಾಗಿಯೇ ಇದೆ. ಲೈಬ್ರೇರಿಯನ್ನರಲ್ಲಿ ಒಂದೇ ವಿನಂತಿ: ದಯವಿಟ್ಟು ಕೌಂಟರಿನ ಹಿಂದಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಆರೋಗ್ಯ ವಿಭಾಗಕ್ಕೂ ಸೇರಿಸಬೇಡಿ. ಕಾವ್ಯದ ಕಪಾಟಿನಲ್ಲೇ ಇಡಿ.